ಗಿಡ್ಡ ನಳಿಗೆಯ ಒದೆತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ರಿವಾಲ್ವರ್‌ಗಳ ಬಗ್ಗೆ ಕಳೆದ ಮಳೆಗಾಲದಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆಂದೇ ಒಟ್ಟುಮಾಡಿ ಇಟ್ಟಿದ್ದೆವು. ಹೆಚ್ಚಿನವು ಅಜ್ಜನ ಕಾಲದ, ಎರಡೂವರೆ ಮೂರು ಇಂಚಿನ ನಳಿಗೆಯ, ಮುಷ್ಟಿಯೊಳಗೇ ಮುಚ್ಚಿಹೋಗುವ ಆಯುಧಗಳ ಬಗ್ಗೆ. ದೂರು ಒಂದೇ: ಕೈ ನೋಯುತ್ತದೆ. ಇಲ್ಲಿ ಹೇಳಿದ್ದೆಲ್ಲ ಲೈಸೆನ್ಸ್ ಇರುವ ಆಯುಧಕ್ಕೆ, ಅನುಮತಿಯಿರುವ ರೇಂಜ್‌ನಲ್ಲಿ ಹೊಡೆಯುವವರಿಗೆ. ಕೈಗೆತ್ತಿಕೊಂಡ ಕೂಡಲೇ ಸಿಲಿಂಡರ್ ತೆರೆದು, ಎಲ್ಲ ಕೋಣೆಗಳೂ ಖಾಲಿಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳುವುದನ್ನು ಪ್ರತಿ ಉತ್ತರದಲ್ಲೂ ಮತ್ತೆ ಬರೆದಿಲ್ಲ.

ಪ್ರಶ್ನೆ: ಅಜ್ಜಯ್ಯನ .32 ರಿವಾಲ್ವರ್. ನಡು ಮಡಚಿ ತೋಟಾ ತುಂಬುವಂಥದ್ದು, ಮೂರಿಂಚು ನಳಿಗೆ. ಲೈಸೆನ್ಸ್ ಈಗ ನನ್ನ ಹೆಸರಿಗಾಗಿದೆ. ಹನ್ನೆರಡು ಈಡು ಮುಗಿಯುವಷ್ಟರಲ್ಲಿ ಹೆಬ್ಬೆರಳ ಕವೆ ಕೆಂಪಾಗಿ ನಡುಬೆರಳ ಗೆಣ್ಣು ಊದುತ್ತದೆ. ಹನ್ನೆರಡು ಬೋರಿನ ಕೋವಿ ಹೊಡೆದು ರೂಢಿಯಿರುವ ನನಗೆ ಈ ಪುಟಾಣಿ ತೋಟಾ ಯಾಕೆ ನೋಯಿಸಬೇಕು? – ತೀರ್ಥಹಳ್ಳಿ

ಉತ್ತರ: ಮೊದಲು ಲೆಕ್ಕ ನೋಡೋಣ. .32 ಅಂದರೆ ನಳಿಗೆಯ ರಂಧ್ರ ಸುಮಾರು ಇಂಚಿನ ನೂರರಲ್ಲಿ 32 ಪಾಲು. ಆ ರಿವಾಲ್ವರಿನ .32 ಲಾಂಗ್ ತೋಟಾದ ಗುಂಡು 98 ಗ್ರೇನ್, ಅಂದರೆ 6.35 ಗ್ರಾಂ. ಗಿಡ್ಡ ನಳಿಗೆಯಿಂದ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುಂಡು ಮುಂದಕ್ಕೆ ಒಯ್ದಷ್ಟೇ ತಳ್ಳುಬಲವನ್ನು ರಿವಾಲ್ವರ್ ಹಿಂದಕ್ಕೆ ತರಬೇಕು. ಜೊತೆಗೆ ಮದ್ದಿನ ಹೊಗೆಯ ಪಾಲೂ ಒಂದಿಷ್ಟು. 700 ಗ್ರಾಂ ತೂಕದ ರಿವಾಲ್ವರ್ ಆದರೆ ಅದು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದೇ ರಿವಾಲ್ವರನ್ನು ಒಂದು ಗೇಣು ಎತ್ತರದಿಂದ ಅಂಗೈ ಮೇಲೆ ಬಿಟ್ಟರೆ ಬೀಳುವ ಏಟು ಎಷ್ಟೋ, ಇದೂ ಅಷ್ಟೇ.

ಒಂದು ಗೇಣಿನಿಂದ ಬಿದ್ದ ಕಬ್ಬಿಣ ಅಂಗೈ ತುಂಬ ಬಿದ್ದರೆ ಯಾರಿಗೂ ನೋಯುವುದಿಲ್ಲ. ಅದರ ಮೂಲೆ ಗೆಣ್ಣಿನ ಮೇಲೆ ಬಿದ್ದರೆ ನೋಯುತ್ತದೆ. ಕೋವಿಯ ಒದೆತ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು, ಆದರೆ ಅದನ್ನು ಅಂಗೈಯಷ್ಟು ಅಗಲದ ಹಿಂಬದಿ ಭುಜದ ಮಾಂಸಕ್ಕೆ ಹಂಚುತ್ತದೆ. ಜೇಬಿನ ರಿವಾಲ್ವರಿನ ಹಿಂಬೆನ್ನು ಹೆಬ್ಬೆರಳಿನಷ್ಟೂ ಅಗಲವಿಲ್ಲದ ಉಕ್ಕಿನ ಪಟ್ಟಿ. ನೆನಪಿಟ್ಟುಕೊಳ್ಳಬೇಕಾದ ವಿಷಯ ಇದೊಂದೇ: ಒದೆತವನ್ನು ನೀವು ಕಡಿಮೆ ಮಾಡಲಾರಿರಿ, ಅದು ಕೈಯ ಯಾವ ಜಾಗಕ್ಕೆ, ಎಷ್ಟು ಅಗಲಕ್ಕೆ ತಾಗಬೇಕು ಅನ್ನುವುದನ್ನು ಬದಲಿಸಬಲ್ಲಿರಿ.

ಹಾಗಾಗಿ ನೋವಿನ ಜಾಗವನ್ನು ಓದಿ. ಕವೆಯಲ್ಲಿ ಅಗಲಕ್ಕೆ ಕೆಂಪಾಗಿದ್ದರೆ ಹಿಡಿತ ಸಡಿಲ. ಆಯುಧ ಮೊದಲು ಜಾರಿ, ವೇಗ ಪಡೆದು, ಆಮೇಲೆ ಬಂದು ಗುದ್ದುತ್ತಿದೆ. ಕವೆಯಲ್ಲಿ ಗೆರೆ ಎಳೆದಂತೆ ಗಾಯವಾಗಿದ್ದರೆ ಕೈ ತೀರಾ ಮೇಲೇರಿದೆ, ಹ್ಯಾಮರಿನ (ತೋಟಾಕ್ಕೆ ಬಡಿಯುವ ಸುತ್ತಿಗೆಯ) ಕೊಂಬೋ ಚೌಕಟ್ಟಿನ ಮೂಲೆಯೋ ಕಚ್ಚುತ್ತಿದೆ. ನಡುಬೆರಳ ಗೆಣ್ಣಿಗೆ ಪೆಟ್ಟು ಕೊಡುವುದು ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತಲಿನ ಬಳೆಯ) ಹಿಂಭಾಗ. ಹಳೇ ಸಣ್ಣ ರಿವಾಲ್ವರ್‌ಗಳಲ್ಲಿ ಗಾರ್ಡಿಗೂ ಹಿಡಿಕೆಯ ಮುಂಪಟ್ಟಿಗೂ ನಡುವೆ ಬೆರಳು ತುಂಬದ ಒಂದು ಖಾಲಿ ಗುಂಡಿ ಇರುತ್ತದೆ. ಒದೆತಕ್ಕೆ ಗಾರ್ಡು ಆ ಗುಂಡಿಯನ್ನು ದಾಟಿ ಬಂದು ಗೆಣ್ಣಿಗೆ ಬಡಿಯುತ್ತದೆ. ಅಂಗೈಯ ನಟ್ಟನಡುವೆ ಚುಚ್ಚಿದಂತಾದರೆ ಹಿಡಿಕೆ ಅಲ್ಲಿಗೇ ಮುಗಿದಿದೆ ಎಂದರ್ಥ. ತೋರುಬೆರಳಿನ ತುದಿ ಚಿವುಟಿಕೊಂಡರೆ ಬೆರಳು ಟ್ರಿಗರಿನಲ್ಲಿ ಆಳಕ್ಕೆ ಹೋಗಿ ಗಾರ್ಡಿನ ತಳಕ್ಕೂ ಟ್ರಿಗರಿಗೂ ನಡುವೆ ಸಿಕ್ಕಿಬಿದ್ದಿದೆ.

ನಿಮಗೆ ಎರಡು ಕಾಯಿಲೆ ಒಟ್ಟಿಗಿವೆ: ಸಡಿಲ ಹಿಡಿತ ಮತ್ತು ಖಾಲಿ ಗುಂಡಿ. ಪರೀಕ್ಷೆ ಸುಲಭ. ಖಾಲಿ ರಿವಾಲ್ವರಿನ ಹಿಡಿಕೆಗೆ ಸೀಮೆಸುಣ್ಣದ ಪುಡಿ ಬಳಿಯಿರಿ (ವಿಭೂತಿಯೂ ಆದೀತು), ಹೊಡೆಯುವಾಗಿನ ಹಾಗೇ ಬಿಗಿಯಾಗಿ ಹಿಡಿದು ಬಿಡಿ. ಅಂಗೈಯಲ್ಲಿ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಷ್ಟೇ ಆಯುಧ ನಿಂತಿದೆ. ಗಿಡ್ಡ ಹಿಡಿಕೆಯವಕ್ಕೆ ಸಾಮಾನ್ಯವಾಗಿ ಕವೆಯಲ್ಲಿ ಒಂದು ಚುಕ್ಕೆ, ಎರಡು ಬೆರಳಲ್ಲಿ ಎರಡು ಗೆರೆ, ಅಷ್ಟೇ ಮೂಡಿರುತ್ತದೆ. ಪುಡಿಯನ್ನು ಒರೆಸಿ, ಒಣಬಟ್ಟೆಯಲ್ಲಿ ತಿಕ್ಕಿ ತೆಗೆಯುವುದು ಮರೆಯಬೇಡಿ, ವಿಭೂತಿ ತೇವ ಹೀರುತ್ತದೆ.

ಪ್ರಶ್ನೆ: ಹಿಡಿಕೆ ದಪ್ಪ ಮಾಡಿಸಬೇಕು. ರಬ್ಬರ್ ಹಾಕಿಸಲೋ ಮರದ್ದು ಮಾಡಿಸಲೋ? ಮೂಲ ಹಿಡಿಕೆ ಕಪ್ಪಗೆ, ಚೌಕಳಿ ಚೌಕಳಿ, ಬೆಕ್‌ಲೈಟ್ ಥರ ಇದೆ. – ಕೊಪ್ಪ

ಉತ್ತರ: ಅದು ಬೆಕ್‌ಲೈಟ್ ಇರಲಿಕ್ಕಿಲ್ಲ, ವಲ್ಕನೈಟ್, ಗಂಧಕ ಹೆಚ್ಚು ಹಾಕಿ ಬೇಯಿಸಿದ ಗಟ್ಟಿ ರಬ್ಬರು. ನೂರು ವರ್ಷಕ್ಕೆ ಅದು ಬಿಸ್ಕತ್ತಿನಂತೆ ಪೆಡಸಾಗಿರುತ್ತದೆ. ಒದೆತಕ್ಕೆ ಚೌಕಟ್ಟಿನ ಅಂಚು ತಾಗುವಲ್ಲಿ ಬಿರುಕು ಬಿಡುತ್ತದೆ, ಸ್ಕ್ರೂ ಒಂದು ಸುತ್ತು ಹೆಚ್ಚು ತಿರುಗಿಸಿದರೆ ರಂಧ್ರದಿಂದಲೇ ಸೀಳುತ್ತದೆ. ಆದ್ದರಿಂದ ಮೊದಲ ಕೆಲಸ, ಅದನ್ನು ಬಿಚ್ಚಿ ಹತ್ತಿಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಆ ಆಯುಧದ ಬೆಲೆಯಲ್ಲಿ ಮೂಲ ಹಿಡಿಕೆಯದ್ದೂ ಪಾಲಿದೆ. ಸ್ಕ್ರೂಡ್ರೈವರ್ ಸ್ಕ್ರೂ ತಲೆಯ ಸೀಳಿನ (ಕಾಡಿಯ) ಉದ್ದ ಅಗಲ ಎರಡನ್ನೂ ತುಂಬುವಂತಿರಬೇಕು. ಸೈಕಲ್ ಶಾಪಿನ ಡ್ರೈವರ್ ಹಾಕಿದರೆ ಕಾಡಿ ಕಿತ್ತುಬರುತ್ತದೆ. ಹಳೇ ಇಂಗ್ಲಿಷ್ ಸ್ಕ್ರೂ ಕಳೆದುಹೋದರೆ ಈಗಿನ ಮೆಟ್ರಿಕ್ ಸ್ಕ್ರೂ ಒತ್ತಿ ತಿರುಗಿಸಬೇಡಿ, ಥ್ರೆಡ್ ಬೇರೆ.

ದುಡ್ಡು ಖರ್ಚು ಮಾಡುವ ಮೊದಲು ಸೈಕಲ್ ಟ್ಯೂಬಿನಲ್ಲಿ ಪ್ರಯೋಗ ಮಾಡಿ ನೋಡಿ. ಟ್ಯೂಬಿನ 4–5 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ಒಳಗೆ ಟಾಲ್ಕಂ ಪುಡಿ ಉದುರಿಸಿ, ಬದಲಿ ಹಿಡಿಕೆಯ ಮೇಲೆ ತೋಳಿನ ಹಾಗೆ ಏರಿಸಿ. ಒಂದು ಪದರಕ್ಕೆ ಪ್ರತಿ ಬದಿಗೂ ಸುಮಾರು ಒಂದು ಮಿ.ಮೀ. ದಪ್ಪ ಸೇರುತ್ತದೆ, ಬೆವರಿಗೆ ಜಾರುವುದೂ ನಿಲ್ಲುತ್ತದೆ. ಎರಡು ಪದರದಲ್ಲಿ ಹಿತವಾದರೆ ಎಷ್ಟು ದಪ್ಪ ಬೇಕೆಂದು ಗೊತ್ತಾಯಿತಲ್ಲ, ಆ ಅಳತೆಗೇ ಮರದ್ದು ಮಾಡಿಸಬಹುದು. ಟ್ಯೂಬನ್ನು ಹಾಕಿಯೇ ಒಳಗಿಡಬೇಡಿ. ಅದರಡಿಯ ಬೆವರು ಎಲ್ಲಿಗೂ ಹೋಗುವುದಿಲ್ಲ, ಒಂದು ಮಳೆಗಾಲಕ್ಕೆ ಚೌಕಟ್ಟು ಹುರುಕು ಹಿಡಿದಂತಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. ಸ್ಮಿತ್ ಅಂಡ್ ವೆಸನ್ ಕಂಪನಿ 1887ರಿಂದ ಮಾಡಿದ ಹ್ಯಾಮರ್ ಒಳಗೇ ಅಡಗಿದ ಜೇಬು ರಿವಾಲ್ವರ್‌ಗಳಲ್ಲಿ ಹಿಡಿಕೆಯ ಹಿಂಬೆನ್ನಿನಲ್ಲೇ ಒಂದು ಒತ್ತುಪಟ್ಟಿಯಿದೆ. ಮುಷ್ಟಿ ಅದನ್ನು ಒತ್ತಿದರೆ ಮಾತ್ರ ಟ್ರಿಗರ್ ಎಳೆಯಬಹುದು. ಅದರ ಮೇಲೆ ರಬ್ಬರ್ ತೋಳು ಏರಿಸಿದರೆ ಆ ಸುರಕ್ಷತಾ ಪಟ್ಟಿ ಸದಾ ಒತ್ತಿಕೊಂಡೇ ಇರುತ್ತದೆ, ಇದ್ದೂ ಇಲ್ಲದಂತೆ. ಅಂಥ ಆಯುಧಕ್ಕೆ ಸುತ್ತುವ ರಬ್ಬರ್ ಯಾವುದೂ ಬೇಡ. ಎರಡು ಪಕ್ಕಕ್ಕೆ ಮಾತ್ರ ದಪ್ಪ ಹಲಗೆ ಕೊಡಿ.

ಈಗ ಗುಂಡಿ ತುಂಬುವ ವಿಚಾರ. ಗಾರ್ಡಿನ ಹಿಂದಿನ ಖಾಲಿ ಜಾಗದ ಅಚ್ಚು ತೆಗೆಯಲು ಎಂ-ಸೀಲ್ ಥರದ ಎಪಾಕ್ಸಿ ಪುಟ್ಟಿ ಸಾಕು. ಚೌಕಟ್ಟಿಗೆ ತೆಳು ಮೇಣ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಲಸಿದ ಪುಟ್ಟಿಯನ್ನು ದೊಡ್ಡ ನೆಲ್ಲಿಕಾಯಿಯಷ್ಟು ಗುಂಡಿಗೆ ಒತ್ತಿ, ಹೊಡೆಯುವ ಹಾಗೆ ಹಿಡಿದು ನಿಲ್ಲಿ. ನಡುಬೆರಳು ತನ್ನ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಬಿಡಿಸಿ ಆ ಅಚ್ಚನ್ನು ಬಡಗಿಗೆ ಕೊಡಿ. ಪ್ಲಾಸ್ಟಿಕ್ ಹಾಳೆ ಹರಿದು ಪುಟ್ಟಿ ಚೌಕಟ್ಟಿನ ಒಳಗೆ, ಮುಖ್ಯ ಸ್ಪ್ರಿಂಗಿನ ಬಳಿ ಹೊಕ್ಕರೆ ಆಮೇಲೆ ಉಳಿಯಲ್ಲೇ ಕೆತ್ತಬೇಕಾದೀತು. ಆದ್ದರಿಂದ ಪಕ್ಕದ ಹಲಗೆಗಳು ಕೂತಿರುವಾಗಲೇ ಈ ಕೆಲಸ ಮಾಡಿ.

ಮರ ಯಾವುದು? ಬೀಟೆಗೆ ಸಮ ಇಲ್ಲ. ತೂಕ, ಬಿಗಿ ನಾರು, ಸ್ಕ್ರೂ ರಂಧ್ರದಲ್ಲಿ ಸುಲಭಕ್ಕೆ ಸೀಳುವುದಿಲ್ಲ. ಹೊಸ ಬೀಟೆ ಮರ ಕಡಿಯುವುದು ಅರಣ್ಯ ಇಲಾಖೆಯ ಅನುಮತಿಯ ಮಾತು, ಹಾಗಾಗಿ ಮುರಿದ ಮಂಚದ ಕಾಲೋ ಹಳೇ ಕುರ್ಚಿಯ ಕೈಯೋ ಹುಡುಕಿ. ಹೇಗೂ ಅಟ್ಟದ ಮೇಲೆ ಹತ್ತಾರು ಮಳೆಗಾಲ ಕಳೆದ ಮರವೇ ಒಳ್ಳೆಯದು, ಹಸಿ ಮರ ಬೇಸಗೆಗೆ ಕುಗ್ಗಿ ಚೌಕಟ್ಟಿನಿಂದ ಎದ್ದು ನಿಲ್ಲುತ್ತದೆ. ಅರೆಯುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲಿ, ಬೀಟೆಯ ಪುಡಿ ಕೆಲವರಿಗೆ ತುರಿಕೆ, ಸೀನು ತರುತ್ತದೆ. ಹೊನ್ನೆ, ಹಲಸು ಎರಡನೇ ಆಯ್ಕೆ. ಸಾಗರ, ಸೊರಬದ ಗುಡಿಗಾರರ ಕೈಕೆಲಸ ಇಂಥ ಸಣ್ಣ ಬಾಗುಗಳಿಗೇ ಹೇಳಿ ಮಾಡಿಸಿದ್ದು. ಆದರೆ ಅವರಿಗೆ ಕೊಡಬೇಕಾದ್ದು ಹಳೇ ಹಿಡಿಕೆಯ ಹಲಗೆ ಮತ್ತು ಪುಟ್ಟಿಯ ಅಚ್ಚು ಮಾತ್ರ. ರಿವಾಲ್ವರನ್ನೇ ಅಂಗಡಿಯಲ್ಲಿ ಬಿಟ್ಟುಬರುವ ಹಾಗಿಲ್ಲ. ಕೊನೆಯ ಜೋಡಣೆ ಲೈಸೆನ್ಸ್ ಇರುವ ಆಯುಧ ರಿಪೇರಿಯವರ ಬಳಿ.

ಕೆತ್ತುವವರಿಗೆ ನಾಲ್ಕು ಮಾತು ಹೇಳಿ. ಬಲ ಹಲಗೆಯಲ್ಲಿ ಅಂಗೈ ಗುಂಡಿಗೆ ಕೂರುವ 2–3 ಮಿ.ಮೀ. ಉಬ್ಬು. ಹಿಂಬೆನ್ನಿನ ಕಡೆ ಅಂಚು ಚೌಕಟ್ಟಿನೊಂದಿಗೆ ಸಮತಟ್ಟು, ಮೆಟ್ಟಿಲು ಇರಬಾರದು. ತಳ ಕಿರುಬೆರಳಿಗೂ ಸಿಗುವಷ್ಟು ಇಳಿಯಲಿ, ಒಂದು ಬೆರಳಗಲ ಸಾಕು. ಎಡ ಹಲಗೆಯ ಮೇಲಂಚು ತೆರೆಯುವ ಕೀಲಿಗೆ ತಾಗದಂತೆ ತಗ್ಗಿರಲಿ. ಇಂಗ್ಲೆಂಡಿನ ವೆಬ್ಲಿಯಲ್ಲೂ ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32ರಲ್ಲೂ ಆ ಕೀಲಿ ಎಡಕ್ಕೇ ಇದೆ. ಚೌಕಳಿ ಕೆತ್ತನೆ ನೋಡಲು ಚಂದ, ಆದರೆ ಚೂಪು ಚೌಕಳಿ ಎಂದರೆ ಬರಿ ಅಂಗೈಗೆ ಅರ. ಒದೆಯುವ ಆಯುಧಕ್ಕೆ ನುಣುಪು ಮರ, ಮುಂಪಟ್ಟಿಗೆ ಮಾತ್ರ ಸಣ್ಣ ಒರಟು. ಮೇಲೆ ಅಗಸೆ ಎಣ್ಣೆ ತೆಳುವಾಗಿ ನಾಲ್ಕೈದು ಕೈ ತಿಕ್ಕಿ, ಒಂದೊಂದರ ನಡುವೆ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಹರಡಿ ಒಣಗಿಸಿ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿದ್ದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ; ಅಡಿಕೆ ಸಿಪ್ಪೆಯ ರಾಶಿ ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ.

ಪ್ರಶ್ನೆ: ಕಾಫಿ ತೋಟದ ಹಳೇ ಬಂಗಲೆಯ ಪೆಟ್ಟಿಗೆಯಲ್ಲಿ ಐದು ಗುಂಡಿನ, ಎರಡೂವರೆ ಇಂಚು ನಳಿಗೆಯ, ದಪ್ಪ ರಂಧ್ರದ ರಿವಾಲ್ವರ್ ಸಿಕ್ಕಿದೆ. ಕೋಳಿಮೊಟ್ಟೆಯಾಕಾರದ ಗುರುತಿನೊಳಗೆ ಇ.ಎಲ್.ಜಿ. ಅಂತಿದೆ. ತುಂಬಾ ಒದೆಯುತ್ತದೆ ಅಂತಾರೆ. ಹೊಡೆಯಬಹುದೇ? ಪುರಾತನ ವಸ್ತುವಿಗೆ ಲೈಸೆನ್ಸ್ ಬೇಡವಂತೆ, ನಿಜವೇ? – ಹೊಸನಗರ

ಉತ್ತರ: ಹೊಡೆಯಬಾರದು. ಲೈಸೆನ್ಸ್ ಬೇಡ ಅನ್ನುವುದೂ ಅರ್ಧ ಸತ್ಯ. 1959ರ ಆಯುಧ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಟ್ಟಿರುವುದು ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ ಹಳೇ ಆಯುಧಕ್ಕೆ. ನಿಮ್ಮದು ತಿರುಗುತ್ತದೆ, ಹ್ಯಾಮರ್ ಬೀಳುತ್ತದೆ ಎಂದರೆ ಅದು ಬರೀ ನೆನಪಿನ ವಸ್ತುವಲ್ಲ. ಪೊಲೀಸ್ ಠಾಣೆಗೆ ತಿಳಿಸಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕುವುದೇ ದಾರಿ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡೇ ಆಯುಧ ಇರಬಹುದು ಅನ್ನುವುದೂ ಗಮನದಲ್ಲಿರಲಿ. ಸೇನೆಯ .380 ಅಥವಾ .455 ತೋಟಾ ಹಿಡಿಸುವ ರಿವಾಲ್ವರ್ ಆದರೆ ನಿಷೇಧಿತ ಬೋರಿನ ಲೆಕ್ಕಕ್ಕೆ ಬರುತ್ತದೆ, ಅದರ ದಾರಿಯೇ ಬೇರೆ.

ಆ ಗುರುತು ಬೆಲ್ಜಿಯಂನ ಲಿಯೇಜ್ ಪಟ್ಟಣದ ಪರೀಕ್ಷಾ ಮುದ್ರೆ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಕಂಪನಿ 1872ರಲ್ಲಿ ತಂದ ‘ಬ್ರಿಟಿಷ್ ಬುಲ್‌ಡಾಗ್’ ಮಾದರಿಯನ್ನು ಲಿಯೇಜಿನವರು ರಾಶಿ ರಾಶಿ ನಕಲು ಮಾಡಿದರು. ಅವುಗಳಲ್ಲಿ ಒಳ್ಳೆಯವೂ ಇವೆ, ಬೀಡುಕಬ್ಬಿಣಕ್ಕೆ ಹತ್ತಿರದವೂ ಇವೆ. ಆ ಕಾಲದವು ಕರಿಮದ್ದಿಗೆ ಪರೀಕ್ಷೆಯಾದವು. ಇಂಗ್ಲಿಷ್ ಮುದ್ರೆಗಳಲ್ಲೂ ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ ‘ಎನ್.ಪಿ.’ ಗುರುತು ಬಂದದ್ದು 1904ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಈಗಿನ ತೋಟಾ ತುರುಕುವುದು ಎತ್ತಿನಗಾಡಿಯ ಅಚ್ಚಿಗೆ ಲಾರಿ ಎಂಜಿನ್ ಕಟ್ಟಿದಂತೆ.

ಒದೆತದ ಮಾತು ನಿಜವೇ. .450 ಬೋರಿನ 225 ಗ್ರೇನ್ ಗುಂಡು, ಅರ್ಧ ಕೆ.ಜಿ. ಮೀರಿ ಸ್ವಲ್ಪ ತೂಗುವ ಚೌಕಟ್ಟು. ಲೆಕ್ಕ ಹಾಕಿದರೆ ಆಯುಧ ಸೆಕೆಂಡಿಗೆ ಐದೂವರೆ ಮೀಟರಿನ ಹತ್ತಿರ ಹಿಂದಕ್ಕೆ ಬರುತ್ತದೆ. ಮೊದಲ ಉತ್ತರದ ಅಳತೆಗೋಲಿನಲ್ಲೇ ಹೇಳುವುದಾದರೆ .32ರದ್ದು ಗೇಣೆತ್ತರದಿಂದ ಬಿದ್ದ ಏಟು. ಸೈನ್ಯದ ದೊಡ್ಡ .455 ವೆಬ್ಲಿ, ಒಂದು ಕೆ.ಜಿ.ಗೂ ಮಿಕ್ಕಿ ತೂಗುವುದರಿಂದ, ಮೊಳಕ್ಕಿಂತ ಸ್ವಲ್ಪ ಮೇಲಿಂದ ಬಿದ್ದದ್ದು. ಬುಲ್‌ಡಾಗ್ ಆಳೆತ್ತರದಿಂದ ಬಿದ್ದದ್ದು. ಅದೂ ಹಕ್ಕಿಯ ತಲೆಯ ಹಾಗೆ ಕಿರಿದಾಗಿ ಬಾಗಿದ ಹಿಡಿಕೆಯ ಮೂಲಕ. ಜೇಬಿನಲ್ಲಿಟ್ಟುಕೊಂಡು, ಬೇಕಾದರೆ ಒಂದೆರಡು ಸಲ ಹತ್ತಿರದಿಂದ ಹೊಡೆಯಲೆಂದು ಮಾಡಿದ ವಸ್ತು ಅದು. ಐವತ್ತು ಈಡಿನ ಅಭ್ಯಾಸ ಅದರ ಹಣೆಯಲ್ಲಿ ಬರೆದಿರಲಿಲ್ಲ.

ಪ್ರಶ್ನೆ: ಪಿಸ್ತೂಲ್ ಹಿಡಿಯುವ ಹಾಗೆ ಎರಡೂ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಹಿಡಿದರೆ ಒದೆತ ಕಡಿಮೆಯೆಂದು ಕೇಳಿದ್ದೇನೆ. – ಸಾಗರ

ಉತ್ತರ: ಪಿಸ್ತೂಲಿಗೆ ಸರಿ, ರಿವಾಲ್ವರಿಗೆ ಖಂಡಿತ ಬೇಡ. ಸಿಲಿಂಡರಿಗೂ ನಳಿಗೆಯ ಬುಡಕ್ಕೂ ನಡುವೆ ಕೂದಲೆಳೆಯ ಸಂದು ಇದೆ. ಪ್ರತಿ ಈಡಿಗೂ ಅಲ್ಲಿಂದ ಎರಡು ಪಕ್ಕಕ್ಕೆ ಬೆಂಕಿಯಂಥ ಗಾಳಿ, ಕೆಲವೊಮ್ಮೆ ಸೀಸದ ಚೂರು ಚಿಮ್ಮುತ್ತದೆ. ಗಿಡ್ಡ ಆಯುಧದಲ್ಲಿ ಮುಂದೆ ಚಾಚಿದ ಹೆಬ್ಬೆರಳು ಸರಿಯಾಗಿ ಆ ಸಂದಿನ ಪಕ್ಕಕ್ಕೇ ಬಂದು ಕೂರುತ್ತದೆ. ಚರ್ಮ ಸುಡುವುದಷ್ಟೇ ಅಲ್ಲ, ಕತ್ತರಿಸುತ್ತದೆ.

ಹಿಡಿಯುವ ಕ್ರಮ ಹೀಗೆ. ಬಲಗೈ ಕವೆಯನ್ನು ಹಿಂಬೆನ್ನಿನಲ್ಲಿ ಹ್ಯಾಮರಿಗೆ ತಾಗದಷ್ಟೇ ಮೇಲಕ್ಕೆ ಏರಿಸಿ. ನಳಿಗೆಯ ಗೆರೆ ಕೈಗಿಂತ ಎಷ್ಟು ಮೇಲಿದೆಯೋ ಮೂತಿ ಅಷ್ಟು ಜೋರಾಗಿ ಮೇಲೇಳುತ್ತದೆ, ಅದಕ್ಕೇ ಕೈ ಮೇಲಿರಬೇಕು. ವೆಬ್ಲಿ ಮಾದರಿಗಳಲ್ಲಿ ಹಿಂಬೆನ್ನಿನ ತಲೆಯಲ್ಲಿ ಒಂದು ಗುಬುಟು ಇದೆ. ಕವೆ ಅದರ ಕೆಳಗೆ ಕಚ್ಚಿ ಕೂತರೆ ಆಯುಧ ಕೈಯಲ್ಲಿ ಕೆಳಕ್ಕೆ ಜಾರುವುದಿಲ್ಲ. ಬಲ ಹೆಬ್ಬೆರಳನ್ನು ಮಡಚಿ ನಡುಬೆರಳ ಮೇಲೆ ಒತ್ತಿ. ಎಡಗೈ ಬೆರಳುಗಳು ಬಲಗೈ ಬೆರಳುಗಳ ಮೇಲೆ ಸುತ್ತಲಿ, ಎಡ ಹೆಬ್ಬೆರಳು ಬಲದ ಉಗುರಿನ ಮೇಲೆ ಬೀಗ ಹಾಕಿದಂತೆ ಕೂರಲಿ. ಎಡ ತೋರುಬೆರಳನ್ನು ಗಾರ್ಡಿನ ಮುಂದಕ್ಕೆ ಚಾಚಬೇಡಿ. ಮೊಣಕೈ ಎರಡೂ ಸ್ವಲ್ಪ ಬಾಗಿರಲಿ. ಕೋಲಿನಂತೆ ನೆಟ್ಟಗೆ ನಿಲ್ಲಿಸಿದ ಕೈ ಪೆಟ್ಟನ್ನೆಲ್ಲ ಮಣಿಕಟ್ಟಿಗೆ, ಮೊಣಕೈಗೆ ಒಪ್ಪಿಸುತ್ತದೆ. ಬಿಗಿ ಎಷ್ಟಿರಬೇಕು? ಕೈ ನಡುಗುವವರೆಗೆ ಹಿಸುಕಿ, ನಡುಕ ನಿಲ್ಲುವವರೆಗೆ ಸಡಿಲಿಸಿ, ಅಲ್ಲಿ ನಿಲ್ಲಿ. ಬಿಗಿಯ ಹೆಚ್ಚು ಪಾಲು ಎಡಗೈಯದ್ದು, ಬಲಗೈಗೆ ಟ್ರಿಗರಿನ ಕೆಲಸವಿದೆ.

ಸಂದಿನ ಅಳತೆಯನ್ನೂ ನೋಡಿಸಿ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಸಾಕು. 0.1ರಿಂದ 0.2 ಮಿ.ಮೀ. ಒಳ್ಳೆಯದು. 0.3ರ ಎಲೆ ಸಲೀಸಾಗಿ ಹೋದರೆ ಹೊಡೆಯುವುದು ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ. ನಡು ಮಡಚುವ ಆಯುಧವಾದರೆ ಮುಚ್ಚಿದ ಮೇಲೆ ನಳಿಗೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೀಲಿನಲ್ಲಿ ಲಟಕ್ ಅಂದರೆ ಅದೇ ಕಾಯಿಲೆ.

ಪ್ರಶ್ನೆ: ನನ್ನ ಕೈ ಚಿಕ್ಕದು. ಯಜಮಾನರ ರಿವಾಲ್ವರಿಗೆ ಸುತ್ತುವ ರಬ್ಬರ್ ಹಿಡಿಕೆ ಹಾಕಿದ ಮೇಲೆ ಅವರಿಗೆ ಹಿತವಾಯಿತು, ನನಗೆ ಟ್ರಿಗರೇ ಎಟುಕುತ್ತಿಲ್ಲ. ಜಂಟಿಯಾಗಿ ಇಬ್ಬರ ಹೆಸರಿಗೂ ಲೈಸೆನ್ಸ್ ಇದೆ. – ಶಿವಮೊಗ್ಗ

ಉತ್ತರ: ಹಿಂಬೆನ್ನಿನ ಮೇಲೆ ನಾಲ್ಕೈದು ಮಿ.ಮೀ. ರಬ್ಬರ್ ಬಂದರೆ ಟ್ರಿಗರ್ ಅಷ್ಟೇ ದೂರ ಹೋಯಿತು. ನೀವು ಅದನ್ನು ಎಟುಕಿಸಲು ಕೈಯನ್ನು ಪಕ್ಕಕ್ಕೆ ಹೊರಳಿಸುತ್ತೀರಿ, ಆಗ ಒದೆತ ಕವೆಗೆ ಬೀಳದೆ ಹೆಬ್ಬೆರಳ ಬುಡದ ಮೂಳೆಗೆ ಬೀಳುತ್ತದೆ. ಆ ಕೀಲು ಒಮ್ಮೆ ಕೆಟ್ಟರೆ ಅಡಿಕೆ ಸುಲಿಯಲೂ ಆಗದು. ನಿಮಗೆ ಬೇಕಾದ್ದು ಹಿಂಬೆನ್ನು ತೆರೆದಿರುವ, ಪಕ್ಕದಲ್ಲಿ ಮಾತ್ರ ಮರವಿರುವ ಹಿಡಿಕೆ. ಅಳತೆ ಹೀಗೆ: ಮುಂಗೈ, ಮಣಿಕಟ್ಟು, ನಳಿಗೆ ಒಂದೇ ಗೆರೆಯಲ್ಲಿದ್ದಾಗ ತೋರುಬೆರಳ ಮೊದಲ ಗೆಣ್ಣಿನ ಮಡಿಕೆ ಟ್ರಿಗರ್ ಮೇಲೆ ಬರಬೇಕು.

ಇನ್ನೊಂದು, ಹಳೇ ಆಯುಧದಲ್ಲಿ ಟ್ರಿಗರ್ ಎಳೆದೇ ಹ್ಯಾಮರ್ ಏರಿಸುವುದಕ್ಕೆ ಐದಾರು ಕೆ.ಜಿ. ಬಲ ಬೇಕಾಗುವುದು ಸಾಮಾನ್ಯ. ಗುರಿಯ ಅಭ್ಯಾಸಕ್ಕೆ ಎಡ ಹೆಬ್ಬೆರಳಿನಿಂದ ಹ್ಯಾಮರ್ ಏರಿಸಿಕೊಳ್ಳಿ, ಬಲಗೈ ಹಿಡಿತ ಕದಲುವುದಿಲ್ಲ. ಏರಿಸಿದ ಕೂಡಲೇ ಎಡ ಹೆಬ್ಬೆರಳು ಬಲದ ಮೇಲೆ ವಾಪಸು ಬರಬೇಕು. ಅಲ್ಲೇ ಹ್ಯಾಮರಿನ ಹಿಂದೆ ಉಳಿದರೆ ಒದೆತಕ್ಕೆ ಅದರ ಕೊಂಬು ಚುಚ್ಚುತ್ತದೆ.

ಪ್ರಶ್ನೆ: ಪಿಸ್ತೂಲಿನ .32 ತೋಟಾ ನನ್ನ .32 ರಿವಾಲ್ವರಿನಲ್ಲಿ ಸಲೀಸಾಗಿ ಕೂರುತ್ತದೆ. ಒದೆತವೂ ಬೇರೆ ಅನ್ನಿಸಲಿಲ್ಲ. ಬಳಸಬಹುದಲ್ಲ? – ಭದ್ರಾವತಿ

ಉತ್ತರ: ಬಳಸಬಾರದು, ಇನ್ನೊಂದು ಈಡೂ ಬೇಡ. ಹೆಸರು ಒಂದೇ, ತೋಟಾ ಬೇರೆ. ಅಮೆರಿಕದ ಮಾನದಂಡದಲ್ಲಿ .32 ಲಾಂಗ್ ರಿವಾಲ್ವರ್ ತೋಟಾದ ಒತ್ತಡದ ಮಿತಿ 15,000 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್), ಪಿಸ್ತೂಲಿನದು 20,500. ಪಿಸ್ತೂಲಿನ ಗುಂಡು ಹಗುರ, 71 ಗ್ರೇನ್. ವೇಗ ಹೆಚ್ಚಿದ್ದರೂ ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. ಅದಕ್ಕೇ ನಿಮ್ಮ ಕೈಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕೈ ತಿಳಿಯುವುದು ತಳ್ಳುವ ಬಲವನ್ನು, ಸಿಲಿಂಡರ್ ಸಹಿಸಬೇಕಾದ್ದು ಒತ್ತಡವನ್ನು. ಹಿತವಾಗಿ ಒದೆಯಿತು ಅಂದಮಾತ್ರಕ್ಕೆ ಆಯುಧಕ್ಕೂ ಹಿತವಾಯಿತು ಅಂತಲ್ಲ. ಇನ್ನು ಪಿಸ್ತೂಲ್ ತೋಟಾದ ಅಂಚು ಕಿರಿದು, ಕೋಣೆಯಲ್ಲಿ ಭದ್ರವಾಗಿ ನಿಲ್ಲದೆ ಹಿಂದಕ್ಕೆ ಸರಿದು ಸಿಲಿಂಡರ್ ಬಿಗಿಯುವುದೂ ಉಂಟು.

ಪ್ರಶ್ನೆ: 500 ಗ್ರಾಮಿನ ಹಗುರ ರಿವಾಲ್ವರ್. ಐದನೇ ಈಡಿಗೆ ಸಿಲಿಂಡರ್ ಸಿಕ್ಕಿಹಾಕಿಕೊಳ್ಳುತ್ತದೆ. – ಶೃಂಗೇರಿ

ಉತ್ತರ: 2014ರಲ್ಲಿ ಬಂದ ಕಾನ್ಪುರದ ‘ನಿರ್ಭೀಕ್’ ಇರಬೇಕು, ಟೈಟಾನಿಯಂ ಮಿಶ್ರಲೋಹ, 500 ಗ್ರಾಂ. 700 ಗ್ರಾಮಿನದಕ್ಕೂ ಇದಕ್ಕೂ ತೋಟಾ ಒಂದೇ, ಆದ್ದರಿಂದ ಒದೆತದ ಶಕ್ತಿ ಸುಮಾರು ಒಂದೂಕಾಲಿನಿಂದ ಒಂದೂವರೆ ಪಟ್ಟು. ಪುರಾತನವಲ್ಲದಿದ್ದರೂ ಹಗುರ ಆಯುಧದ ರೋಗ ಎಲ್ಲಕ್ಕೂ ಒಂದೇ ಆದ್ದರಿಂದ ಉತ್ತರಿಸುತ್ತೇವೆ.

ಒದೆತಕ್ಕೆ ರಿವಾಲ್ವರ್ ಹಿಂದಕ್ಕೆ ಜಿಗಿಯುವಾಗ ಕೋಣೆಯಲ್ಲಿ ಕಾದಿರುವ ತೋಟಾದ ಕವಚವೂ ಅಂಚಿನಿಂದ ಎಳೆಸಿಕೊಂಡು ಹಿಂದಕ್ಕೆ ಬರುತ್ತದೆ, ಭಾರದ ಗುಂಡು ಮಾತ್ರ ನಿಂತಲ್ಲೇ ನಿಲ್ಲಲು ನೋಡುತ್ತದೆ. ಕವಚದ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿರದಿದ್ದರೆ ಪ್ರತಿ ಈಡಿಗೂ ಅದು ಚೂರು ಚೂರೇ ಮುಂದೆ ಬಂದು, ಕೊನೆಗೆ ಸಿಲಿಂಡರಿನ ಮೂತಿಯಿಂದ ಹೊರಚಾಚಿ ಚೌಕಟ್ಟಿಗೆ ಅಡ್ಡ ನಿಲ್ಲುತ್ತದೆ. ಪರೀಕ್ಷೆ: ಒಂದು ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಗುರುತು ಮಾಡಿ, ಅದನ್ನು ಕೊನೆಗೆ ಉಳಿಸಿ ಬೇರೆ ಐದು ಹೊಡೆಯಿರಿ, ತೆಗೆದು ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಪೆಟ್ಟಿಗೆಯ ತೋಟಾ ಈ ಆಯುಧಕ್ಕೆ ಬೇಡ, ಡೀಲರಿಗೆ ಹೇಳಿ ಬೇರೆ ಲಾಟ್ ಕೇಳಿ. ಬೆಳೆದಿಲ್ಲವಾದರೆ ಖಾಲಿ ಕವಚ ಹೊರದಬ್ಬುವ ನಕ್ಷತ್ರಾಕಾರದ ತುಂಡಿನ ಅಡಿ ನೋಡಿ. ಸುಡದೆ ಉಳಿದ ಮದ್ದಿನ ಒಂದೆರಡು ಕಾಳು ಅಲ್ಲಿ ಸಿಕ್ಕಿದ್ದರೂ ಸಿಲಿಂಡರ್ ತಿರುಗದು. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ಸಿಕ್ಕಿಕೊಂಡ ಹೊತ್ತಿನಲ್ಲಿ ಮೂತಿ ಗುರಿಯ ಕಡೆಗೇ ಇರಲಿ, ಜಗ್ಗಾಡುತ್ತಾ ಪಕ್ಕದವರ ಕಡೆ ತಿರುಗಿಸಬೇಡಿ.

ಪ್ರಶ್ನೆ: ಈಡೆಲ್ಲ ಗುರಿಯ ಕೆಳಗೆ, ಎಡಕ್ಕೆ ಬೀಳುತ್ತವೆ. ಒದೆತಕ್ಕೆ ಮೂತಿ ಮೇಲೇಳುವುದಾದರೆ ಗುಂಡು ಮೇಲೆ ಹೋಗಬೇಕಲ್ಲವೇ? – ತೀರ್ಥಹಳ್ಳಿ

ಉತ್ತರ: ಮೂರಿಂಚು ನಳಿಗೆಯನ್ನು ಗುಂಡು ದಾಟಲು ಹಿಡಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಆಯುಧ ಕದಲುವುದು ಒಂದೆರಡು ಮಿ.ಮೀ. ಮಾತ್ರ. ನಿಮ್ಮ ಕಣ್ಣು ಕಾಣುವ ಜಿಗಿತವೆಲ್ಲ ಗುಂಡು ಹೋದ ಮೇಲಿನದು. ಕೆಳಗೆ ಬೀಳಿಸುತ್ತಿರುವುದು ಒದೆತವಲ್ಲ, ಒದೆತದ ಹೆದರಿಕೆ. ಈಡು ಹಾರುವ ಮುಂಚೆಯೇ ಕೈ ಅದನ್ನು ಒತ್ತಿ ಹಿಡಿಯಲು ಹೊರಟಿದೆ, ಮೂತಿ ತಗ್ಗಿದೆ.

ಇದನ್ನು ಹಿಡಿಯಲು ರಿವಾಲ್ವರಿನಷ್ಟು ಅನುಕೂಲದ ಆಯುಧವಿಲ್ಲ. ಜೊತೆಗಿದ್ದವರು ನಾಲ್ಕು ತೋಟಾ, ಎರಡು ಖಾಲಿ ಕವಚ ಬೆರೆಸಿ ತುಂಬಿ, ಸಿಲಿಂಡರ್ ತಿರುಗಿಸಿ ಮುಚ್ಚಿ ಕೊಡಲಿ. ಖಾಲಿ ಕವಚದ ಮೇಲೆ ಹ್ಯಾಮರ್ ಬಿದ್ದಾಗ ಮೂತಿ ತಲೆಯಾಡಿಸಿದರೆ ಕಾಯಿಲೆ ಕಣ್ಣೆದುರೇ ಕಂಡಿತು. ಐದಾರು ಸುತ್ತಿನಲ್ಲಿ ತಲೆಯಾಡಿಸುವುದು ಕಡಿಮೆಯಾಗುತ್ತದೆ. ಮನೆಯಲ್ಲಿ ಒಣ ಅಭ್ಯಾಸ ಮಾಡುವುದಾದರೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿಯೇ ಮಾಡಿ. ಹಳೇ ಆಯುಧಗಳಲ್ಲಿ ಸೂಜಿ ಹ್ಯಾಮರಿನ ಮೂಗಿನಲ್ಲೇ ಇರುತ್ತದೆ, ಬರಿಗೋಣೆಗೆ ಬಡಿದು ಬಡಿದು ಮುರಿದರೆ ಬದಲಿ ಸಿಗುವುದು ದುರ್ಲಭ.

ಹೆದರಿಕೆಯಲ್ಲಿ ಅರ್ಧ ಪಾಲು ಶಬ್ದದ್ದು. ನಳಿಗೆ ಗಿಡ್ಡವಾದಷ್ಟೂ ಸಿಡಿತ ಮುಖಕ್ಕೆ ಹತ್ತಿರ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ ಹೊಡೆದು ನೋಡಿ. ಅದೇ ಆಯುಧ ಮೆದುವಾದಂತೆ ತೋರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಒಂದು ದಿನಕ್ಕೆ 18–24 ಈಡು ಸಾಕು, ಕೊನೆಯ ಆರು ಕೆಟ್ಟದಾಗಿ ಬೀಳತೊಡಗಿದರೆ ಅಲ್ಲಿಗೇ ಮುಗಿಸಿ. ಕೈಗವಸು ಹಾಕುವುದಾದರೆ ಮೇಕೆ ಚರ್ಮದ ತೆಳುವಾದ್ದು, ತೋರುಬೆರಳ ತುದಿ ಕತ್ತರಿಸಿದ್ದು. ದಪ್ಪ ಗವಸಿನ ಬೆರಳು ಗಾರ್ಡಿನೊಳಗೆ ಸಿಕ್ಕಿ ತಾನೇ ಟ್ರಿಗರ್ ಎಳೆದೀತು.

ಮನೆ ಹಿಂದಿನ ಧರೆಗೆ ಹೊಡೆದು ಅಭ್ಯಾಸ ಮಾಡುತ್ತೇನೆಂದು ಇನ್ನೊಬ್ಬರು ಬರೆದಿದ್ದಾರೆ, ಅವರಿಗೂ ಇಲ್ಲೇ ಉತ್ತರ: ಬೇಡ. ನಿಧಾನದ ಸೀಸದ ಗುಂಡು ಜಂಬಿಟ್ಟಿಗೆ ಕಲ್ಲಿಗೆ ತಾಗಿದರೆ ಹೊಡೆದವರ ಕಡೆಗೇ ತಿರುಗಿ ಬರಬಹುದು. ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪ್ರಶ್ನೆ: ನಳಿಗೆಯನ್ನು ಇನ್ನೂ ಅರ್ಧ ಇಂಚು ಕತ್ತರಿಸಿದರೆ ಮೂತಿ ಹಗುರಾಗಿ ಹಿಡಿಯಲು ಸುಲಭವೇ? – ಹೆಸರು ಬೇಡ

ಉತ್ತರ: ಹೆಸರು ಬರೆಯದ್ದು ಒಳ್ಳೆಯದೇ ಆಯಿತು. ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಆಯುಧ ಕಾಯ್ದೆಯ 6ನೇ ಕಲಮಿಗೆ ವಿರುದ್ಧ, ಅಪರಾಧ. ಲಾಭವೂ ಇಲ್ಲ, ಮೂತಿಯ ತೂಕ ಹೋದರೆ ಜಿಗಿತ ಹೆಚ್ಚುತ್ತದೆ, ಶಬ್ದವೂ ಹೆಚ್ಚುತ್ತದೆ.

ಪ್ರಶ್ನೆ: ಆಷಾಢದಲ್ಲಿ ಮರದ ಹಿಡಿಕೆ ಉಬ್ಬಿ, ಸಂಕ್ರಾಂತಿಗೆ ಸಡಿಲವಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಚರ್ಮದ ಚೀಲದಲ್ಲಿ ಇಡುತ್ತೇವೆ. – ಆಗುಂಬೆ

ಉತ್ತರ: ಎರಡೂ ತಪ್ಪು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಿಮ್ಮ ಮಾಗಿಯ ಚಳಿಗೆ ಒಳಗಿನ ಸ್ಪ್ರಿಂಗುಗಳಲ್ಲಿ ಬೆಣ್ಣೆಯಂತೆ ಕೂರುತ್ತದೆ, ಹಳತಾದರೆ ಜಿಗುಟು. ಲೋಹಕ್ಕೆ ತೆಳುವಾದ ಗನ್ ಆಯಿಲ್ ಅಥವಾ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಮರಕ್ಕೆ ತಾಗಿಸಬೇಡಿ. ಚರ್ಮ ತೇವವನ್ನೂ ಹದ ಮಾಡಿದ ಉಪ್ಪನ್ನೂ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಮೊದಲು ಏಳುವುದು ಅದು ತಾಗಿದ ಕಡೆಗೇ. ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ, ಬೀಗವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ತಿಂಗಳಿಗೊಮ್ಮೆ ಪೊಟ್ಟಣ ಒಣಗಿಸಿ ಬದಲಿಸಿ. ಹಿಡಿಕೆಯ ಒಳಮೈಗೂ, ಸ್ಕ್ರೂ ರಂಧ್ರದ ಒಳಗೂ ಅಗಸೆ ಎಣ್ಣೆ ಹಚ್ಚಿಸಿ. ಹೆಚ್ಚಿನವರು ಹೊರಮೈಗೆ ಮಾತ್ರ ಹಚ್ಚುತ್ತಾರೆ, ಮರ ನೀರು ಕುಡಿಯುವುದು ಒಳಗಿನಿಂದ. ಮಳೆಗಾಲದಲ್ಲಿ ಸ್ಕ್ರೂ ಕಾಲು ಸುತ್ತು ಸಡಿಲಿಸಿ, ಬೇಸಗೆಯಲ್ಲಿ ಮತ್ತೆ ಬಿಗಿ ಮಾಡಿ. ಚುನಾವಣೆಗೆ ಠಾಣೆಯಲ್ಲಿ ಇಟ್ಟು ವಾಪಸು ತಂದಾಗಲೂ ಮೊದಲು ಆ ಸ್ಕ್ರೂ ನೋಡಿಕೊಳ್ಳಿ. ಹಿಡಿಕೆ ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಮರದ ಅಂಚಿಗೂ ಚೌಕಟ್ಟಿಗೂ ನಡುವೆ ಅಂಗೈ ಚರ್ಮ ಚಿವುಟುತ್ತದೆ. ಅದನ್ನು ಒದೆತವೆಂದು ಬರೆದ ಪತ್ರಗಳೇ ನಮ್ಮಲ್ಲಿ ಮೂರಿವೆ.